ತಿಕೋಟಾದ ಶೆಡ್ಡಿನಲ್ಲಿ ಮಿಸ್ ಸಬ್ರಿನಾ

ಬೆಳಕು ಇನ್ನೂ ಹರಿದಿಲ್ಲ. ವಿಜಯಪುರದಿಂದ ಅಥಣಿ ರಸ್ತೆಗೆ ತಿರುಗುವ ಕಡೆ ಟೆಂಪೊ ನಿಂತಿದೆ. ಬುತ್ತಿಚೀಲ ಹಿಡಿದ ಹೆಂಗಸರು ಒಬ್ಬರ ಕೈ ಒಬ್ಬರು ಹಿಡಿದು ಹತ್ತುತ್ತಿದ್ದಾರೆ. ಕೊನೆಗೆ ಹತ್ತುವವರು ಸಬೀರಾ. ವಯಸ್ಸು ಎಪ್ಪತ್ತು. ತೆಳ್ಳಗಿನ ಮೈ, ಬೂದು ಬಣ್ಣದ ಸೀರೆ, ತಲೆಯ ಮೇಲೆ ಸೆರಗು, ಕಾಲಲ್ಲಿ ರಬ್ಬರ್ ಚಪ್ಪಲಿ. ಒಳಗೆ ಜಾಗ ಸಿಗದೆ ಹಿಂದಿನ ಹಲಗೆಯ ಅಂಚಿಗೆ ಕೂರುತ್ತಾರೆ. ಟೆಂಪೊ ಹೊರಟ ಕೂಡಲೇ ಉಳಿದವರು ಮನೆಯ ಮಾತು, ಸೊಸೆಯ ಮಾತು, ನೀರು ಬಿಡದ ಮಾತು ಶುರುಮಾಡುತ್ತಾರೆ. ಸಬೀರಾ ರಸ್ತೆ ನೋಡುತ್ತಾರೆ.

ತೊರವಿ ದಾಟಿದ ಮೇಲೆ ಎಡಬಲಕ್ಕೆ ದ್ರಾಕ್ಷಿ ತೋಟಗಳು. ತಿಕೋಟಾ ಮುಟ್ಟುವ ಹೊತ್ತಿಗೆ ಪೂರ್ವದಲ್ಲಿ ಸ್ವಲ್ಪ ಕೆಂಪು. ಊರ ಹೊರಗಿನ ತಗಡಿನ ಶೆಡ್ಡಿನ ಮುಂದೆ ಎಲ್ಲರೂ ಇಳಿದು, ಒಳಗೆ ಹೋಗಿ, ಉದ್ದನೆಯ ಮೇಜಿನ ಎರಡೂ ಬದಿಗೆ ತಮ್ಮ ತಮ್ಮ ಜಾಗದಲ್ಲಿ ಕೂರುತ್ತಾರೆ. ಈ ಕಡೆ ಒಣದ್ರಾಕ್ಷಿಗೆ ಮನೂಕ ಎನ್ನುತ್ತಾರೆ. ಮೇಜಿನ ಮೇಲೆ ಸುರಿದ ಮನೂಕದ ರಾಶಿಯಿಂದ ಕಡ್ಡಿ ತೆಗೆಯಬೇಕು, ಕಪ್ಪಾದದ್ದನ್ನು ಬೇರೆ ಮಾಡಬೇಕು, ಹಸಿ ಉಳಿದದ್ದನ್ನು ಆಚೆ ಹಾಕಬೇಕು. ಸಂಜೆಯವರೆಗೆ ಇದೇ ಕೆಲಸ. ಮೂಲೆಯಲ್ಲಿ ಕಸ ಹಾರಿಸುವ ಗಾಳಿಯಂತ್ರ ಭೋರೆನ್ನುತ್ತದೆ. ಬಣ್ಣ ಕೆಡದಿರಲೆಂದು ಹಣ್ಣಿಗೆ ಗಂಧಕದ ಹೊಗೆ ಕೊಟ್ಟಿರುತ್ತಾರೆ. ಆ ವಾಸನೆ ಗಂಟಲಿಗೆ ಇಳಿದು ಹೊಸಬರಿಗೆ ಕೆಮ್ಮು ಹಿಡಿಯುತ್ತದೆ. ಸಬೀರಾರ ಬಗ್ಗೆ ಪತ್ರಿಕೆಗೆ ಬರೆಯಲು ಬಂದ ನನಗೂ ಹಿಡಿಯಿತು.

"ಬಾಗಿಲದ ಹತ್ರ ಗಾಳಿ ಆಡತೈತಿ, ಅಲ್ಲಿ ಕೂಡ್ರಿ ಅಂತ ನಾನs ಹೇಳಿದ್ನಿ," ಎನ್ನುತ್ತಾರೆ ಶೆಡ್ಡಿನ ಉಸ್ತುವಾರಿ ನೋಡುವ ಯಲಗೂರಪ್ಪ. "ವಯಸ್ಸಾದಾಕಿ, ಮೊದಲs ಗಂಟಲ ಸರಿ ಇಲ್ಲ. ಆಕಿ ಬರಲಿಲ್ರಿ. ಇನ್ನ ಏನ ಕಾಯೂದೈತಿ ಅಂದ್ಳು."

ಆ ಗಂಟಲನ್ನು ಒಂದು ಕಾಲಕ್ಕೆ ಇಡೀ ಹೋಟೆಲೊಂದು ಕಾದಿತ್ತು. ಮುಂಬೈಯ ಸಮುದ್ರದ ದಂಡೆಯ ಮೇಲಿನ ಆ ಹೋಟೆಲಿನಲ್ಲಿ ಅವರಿಗೆ ತಣ್ಣೀರು ಕೊಡಬಾರದೆಂದು ಮಾಣಿಗಳಿಗೆ ಹೇಳಿಟ್ಟಿದ್ದರು. ಅವರು ಹಾಡುವಾಗ ಮೊದಲ ಸಾಲಿನ ಮೇಜುಗಳಲ್ಲಿ ಸಿಗರೇಟು ಹಚ್ಚುವಂತಿರಲಿಲ್ಲ. ಹೊರಗಿನ ಫಲಕದ ಮೇಲೆ ಹೆಸರಿರುತ್ತಿತ್ತು: ಮಿಸ್ ಸಬ್ರಿನಾ. ದೇಶದ ಜಾಝ್ ಗಾಯಕಿಯರಲ್ಲಿ ಇವಳಿಗೆ ಸಮ ಯಾರೂ ಇಲ್ಲವೆಂದು ಇಂಗ್ಲಿಷ್ ಪತ್ರಿಕೆಗಳು ಬರೆದಿದ್ದವು. ಆ ಮಿಸ್ ಸಬ್ರಿನಾ ಈಗ ನನ್ನೆದುರು ಕೂತು ಮನೂಕದ ಕಡ್ಡಿ ಬಿಡಿಸುತ್ತಿದ್ದಾರೆ.

ಅವರ ಮಾತು ಕೇಳಬೇಕಾದರೆ ಹತ್ತಿರ ಹೋಗಿ ಬಾಗಬೇಕು. ತುಟಿ ಆಡುತ್ತದೆ, ಬರುವುದು ಉಸಿರು ಮಾತ್ರ. ಆ ಉಸಿರಿನಲ್ಲೇ ಅಕ್ಷರಗಳನ್ನು ಹುಡುಕಿಕೊಳ್ಳಬೇಕು. ಮೊದಲ ದಿನ ನಾನು ಫೋನಿನಲ್ಲಿ ಅವರ ಮಾತು ಧ್ವನಿಮುದ್ರಿಸಿಕೊಂಡು ಹೋಗಿದ್ದೆ. ಮನೆಯಲ್ಲಿ ಕೇಳಿದರೆ ಗಾಳಿಯಂತ್ರದ ಸದ್ದು ಬಿಟ್ಟು ಬೇರೇನೂ ಇರಲಿಲ್ಲ. ಆಮೇಲೆ ಅವರ ಪಕ್ಕ ಕೂತು, ಅವರು ಹೇಳಿದ್ದನ್ನು ನಾನು ಮತ್ತೊಮ್ಮೆ ಹೇಳಿ, ಅವರು ಹೌದೆಂದು ತಲೆಯಾಡಿಸಿದ ಮೇಲೆ ಬರೆದುಕೊಳ್ಳುವುದು ರೂಢಿಯಾಯಿತು.

ಎದುರಿಗೆ ಕೂರುವ ಮಹಾನಂದಾ ಬಬಲೇಶ್ವರದ ಕಡೆಯವರು, ಹಾಡಿನ ಹುಚ್ಚಿನವರು. ಕೆಲಸ ಮಾಡುತ್ತಲೇ ಪದ ಎತ್ತುತ್ತಾರೆ, ಉಳಿದವರು ದನಿಗೂಡಿಸುತ್ತಾರೆ. "ನಾವು ಹಾಡುವಾಗ ಸಬೀರವ್ವ ಒಮ್ಮೊಮ್ಮೆ ಹಲ್ಲ ಕಡದು ಮುಖ ಸಣ್ಣ ಮಾಡತಿದ್ಳ್ರಿ," ಎಂದು ಮಹಾನಂದಾ ನೆನೆಯುತ್ತಾರೆ. "ಪಾಪ, ಹೊಟ್ಟಿಬ್ಯಾನಿ ಇರಬೇಕಂತ ಓಂಕಾಳ ಕುಟ್ಟಿ ತಂದು ಕೊಟ್ಟೆ. ನಮ್ಮ ಸುರ ತಪ್ಪತಿತ್ತು, ಅದಕ್ಕ ಹಂಗ ಮಾಡತಿದ್ಳು ಅಂತ ಆಮ್ಯಾಲ ತಿಳೀತು."

ಇದನ್ನು ಕೇಳಿ ಸಬೀರಾ ನಕ್ಕರು. ನಾನು ಅವರೊಂದಿಗೆ ಕಳೆದ ದಿನಗಳಲ್ಲಿ ಅವರು ನಕ್ಕದ್ದು ಅದೊಂದೇ ಸಲ.

ಸಬೀರಾ ಹುಟ್ಟಿದ್ದು ವಿಜಯಪುರದ ಶಹಾಪುರ ಅಗಸಿಯ ಹತ್ತಿರದ ಓಣಿಯಲ್ಲಿ. ತಂದೆ ಯಾಕೂಬ ಮದುವೆ ಬ್ಯಾಂಡಿನಲ್ಲಿ ಕಾರ್ನೆಟ್ ನುಡಿಸುತ್ತಿದ್ದರು. ತುತ್ತೂರಿಯ ಜಾತಿಯ ಆ ಹಿತ್ತಾಳೆ ವಾದ್ಯವನ್ನು ಸೊಲ್ಲಾಪುರದಲ್ಲಿ ಪಲ್ಟನ್ನಿನ ಬ್ಯಾಂಡಿನಿಂದ ನಿವೃತ್ತನಾಗಿದ್ದ ಒಬ್ಬ ಮುದುಕನ ಹತ್ತಿರ ಕಲಿತಿದ್ದರು. ಅದೇ ಮುದುಕ ಅವರಿಗೆ ಅಮೆರಿಕದ ಕರಿಯರ ಸಂಗೀತದ ರುಚಿ ಹಚ್ಚಿದ್ದ. ಮದುವೆ ಮೆರವಣಿಗೆಯಲ್ಲಿ ಸಿನಿಮಾ ಹಾಡು ನುಡಿಸುತ್ತ ಮಧ್ಯೆ ಯಾಕೂಬ ತಮ್ಮಷ್ಟಕ್ಕೆ ಆ ಕಡೆ ಹೊರಳುತ್ತಿದ್ದರು. ಬ್ಯಾಂಡಿನವರು ಬೈಯುತ್ತಿದ್ದರು. ತಾಯಿ ಸತ್ತ ಮನೆ. ಹಿರಿಯವಳು ಸಬೀರಾ, ಐದು ವರ್ಷ ಕಿರಿಯವಳು ಇಮಾಮಬಿ. ಮದುವೆ ಇದ್ದಲ್ಲಿಗೆಲ್ಲ ತಂದೆ ಇಬ್ಬರನ್ನೂ ಕರೆದುಕೊಂಡೇ ಹೋಗುತ್ತಿದ್ದರು.

ಬಬಲೇಶ್ವರದ ಒಂದು ಮದುವೆಯಲ್ಲಿ ಬ್ಯಾಂಡಿನ ಹಾಡುಗಾರನಿಗೆ ಜ್ವರ ಬಂತು. ಮೈಕು ಕಟ್ಟಿದ ಗಾಡಿ ಖಾಲಿ ಹೋಗುವುದು ಬೇಡವೆಂದು ಯಾರೋ ಹುಡುಗಿಯನ್ನು ಹತ್ತಿಸಿದರು. ಸಬೀರಾಗೆ ಆಗ ಹನ್ನೆರಡು ವರ್ಷ.

"ಹಾಡಿನ ಮಾತs ಬರತಿರಲಿಲ್ರಿ ನನಗ. ಅಬ್ಬಾ ಕಾರ್ನೆಟ್ಟಿನ್ಯಾಗ ಏನ ನುಡಸ್ತಾರೋ ಅದನ್ನ ಬಾಯಿಲೆ ನುಡದೆ. ಅವರು ಇನ್ನೊಂದ ನುಡಿಸಿದ್ರು. ನಾ ಅದನ್ನ ಮುರದು ಬ್ಯಾರೆ ಮಾಡಿದೆ. ಮಂದಿ ನಕ್ರು. ಅಬ್ಬಾ ಅಷ್ಟs ನಗಲಿಲ್ಲ. ದಾರಿ ತುಂಬ ನನ್ನs ನೋಡಕೋತ ಬಂದ್ರು."

ನಾಲ್ಕು ವರ್ಷದ ಮೇಲೆ ಸಿನಿಮಾ ಸಂಗೀತದ ಸ್ಟುಡಿಯೊಗಳಲ್ಲಿ ನುಡಿಸುವ ಕೆಲಸ ಹುಡುಕಿಕೊಂಡು ಯಾಕೂಬ ಮುಂಬೈಗೆ ಹೋದರು. ಮಜಗಾಂವದ ಚಾಳಿನಲ್ಲಿ ಒಂದು ಖೋಲಿ. ಮೇಲಿನ ಮಾಳಿಗೆಯಲ್ಲಿ ಗೋವೆಯ ಬೆನೆಡಿಕ್ಟ್ ಎಂಬವರಿದ್ದರು. ಹೋಟೆಲಿನ ಜಾಝ್ ತಂಡದಲ್ಲಿ ಪಿಯಾನೊ ನುಡಿಸುತ್ತಿದ್ದ ಅವರನ್ನು ಚಾಳಿನವರೆಲ್ಲ ಬೆನ್ನಿ ಮಾಸ್ತರ್ ಎನ್ನುತ್ತಿದ್ದರು. ಒಂದು ಮುಂಜಾನೆ ಅವರು ನಲ್ಲಿಯ ಹತ್ತಿರ ಇಳಿದು ಬಂದು, ಇಲ್ಲಿ ಕಾರ್ನೆಟ್ ನುಡಿಸುತ್ತಿದ್ದವರು ಯಾರು ಎಂದು ಕೇಳಿದರು. ಅಲ್ಲಿ ಇದ್ದದ್ದು, ಬಟ್ಟೆ ಒಗೆಯುತ್ತ ಬಾಯಿಯಲ್ಲೇ ಕಾರ್ನೆಟ್ ನುಡಿಯುತ್ತಿದ್ದ ಸಬೀರಾ.

ಜಾಝ್ ಎಂದರೆ ನಮ್ಮಲ್ಲಿ ಎಷ್ಟೋ ಜನರಿಗೆ ಹೆಸರಷ್ಟೇ ಗೊತ್ತು. ಒಂದು ಹಾಡನ್ನು ಹಿಡಿದು ಹೊರಟು, ನಡುದಾರಿಯಲ್ಲಿ ಅದನ್ನು ಬಿಟ್ಟು, ಆ ಗಳಿಗೆಗೆ ಹೊಳೆದ ಹಾದಿಯಲ್ಲಿ ಅಲೆದು, ತಿರುಗಿ ಅದೇ ಹಾಡಿಗೆ ಬಂದು ಸೇರುವ ಸಂಗೀತ ಅದು. ಜೊತೆಗಾರರು ಆ ಅಲೆದಾಟದ ಬೆನ್ನಿಗೇ ಇರಬೇಕು. ಯಾಕೂಬರ ಮಗಳಿಗೆ ಅದರಲ್ಲಿ ಕಲಿಸುವುದೇನೂ ಉಳಿದಿರಲಿಲ್ಲ. ಕಲಿಯಬೇಕಾದದ್ದು ಇಂಗ್ಲಿಷ್ ಮಾತು.

"ಅರ್ಥ ತಿಳೀತಿರಲಿಲ್ರಿ. ಬೆನ್ನಿ ಮಾಸ್ತರ್ ಒಂದೊಂದ ಸಾಲ ಹಿಂದಿಯೊಳಗ ಹೇಳತಿದ್ರು. ಯಾವ ಹಾಡ ತಗೊಂಡ್ರೂ ಅದರ ತಳದಾಗ ಒಂದs ಮಾತು. ಹ್ವಾದವರು ತಿರಿಗಿ ಬರಾಂಗಿಲ್ಲ ಅಂತ. ಅದೊಂದ ತಿಳದ ಮ್ಯಾಲ ಎಲ್ಲಾ ಸಸಾರ ಆತು."

ಇಪ್ಪತ್ತನೆಯ ವಯಸ್ಸಿಗೆ ಸಬೀರಾ ಹೋಟೆಲಿನ ವೇದಿಕೆ ಹತ್ತಿದರು. ಹೆಸರು ಬದಲಾಯಿತು. ಹದಿನಾರು ವರ್ಷ ಹಾಡಿದರು. ಕಲ್ಕತ್ತಾ, ಕೊಲಂಬೊ, ಒಮ್ಮೆ ಪೋಲೆಂಡಿನ ವಾರ್ಸಾದಲ್ಲಿ ಜಾಝ್ ಉತ್ಸವ. ರಾಯಭಾರಿಗಳು, ಸಿನಿಮಾದವರು, ಹಡಗಿನ ಕಪ್ತಾನರು ಅವರ ಹಾಡಿಗೆಂದೇ ಬಂದು ಕೂರುತ್ತಿದ್ದರು. ಒಂದು ಗ್ರಾಮಫೋನ್ ಪ್ಲೇಟು ಹೊರಬಂತು. ಅದರ ಹೊದಿಕೆಯ ಮೇಲೆ ಬಿಳಿ ಗೌನು ತೊಟ್ಟು, ಕಣ್ಣು ಮುಚ್ಚಿಕೊಂಡ ಹೆಣ್ಣುಮಗಳ ಚಿತ್ರವಿದೆ. ಈಗಿನ ಸಬೀರಾರಲ್ಲಿ ಆ ಮುಖದ ಗುರುತು ಹತ್ತುವುದು ಗದ್ದದ ಮೇಲಿನ ಮಚ್ಚೆಯಿಂದ.

ಯಾಕೂಬ ದಿನವೂ ಮಗಳ ಜೊತೆ ಹೋಗಿ ಹೋಟೆಲಿನ ಅಡಿಗೆಮನೆಯ ಪಕ್ಕ, ಮಾಣಿಗಳು ಉಣ್ಣುವ ಜಾಗದಲ್ಲಿ ಕೂತು ಕೇಳುತ್ತಿದ್ದರು. ಊರಿನವರು ಕೇಳಿದರೆ, ಮಗಳು ಹೊಲಿಗೆ ಕೆಲಸಕ್ಕೆ ಹೋಗುತ್ತಾಳೆ ಎನ್ನುತ್ತಿದ್ದರು. ಇಮಾಮಬಿಯನ್ನು ವಿಜಯಪುರಕ್ಕೇ ಮದುವೆ ಮಾಡಿಕೊಟ್ಟಿದ್ದರಿಂದ ಬೀಗರ ಮನೆಯಲ್ಲೂ ಅದೇ ಮಾತು ನಡೆಯಿತು. ಹೀಗಾಗಿ ಮಿಸ್ ಸಬ್ರಿನಾ ಯಾರೆಂದು ಮುಂಬೈಗೆ ಗೊತ್ತಿತ್ತು, ವಾರ್ಸಾ ನಗರಕ್ಕೂ ಗೊತ್ತಿತ್ತು. ಹುಟ್ಟಿದ ಓಣಿಗೆ ಗೊತ್ತಿರಲಿಲ್ಲ.

ಬೆನ್ನಿ ಮಾಸ್ತರ್ ಏನಾದರು ಎಂದು ಕೇಳಿದೆ. ಸಬೀರಾ ಮೇಜಿನ ಮೇಲಿನ ಮನೂಕವನ್ನು ಅಂಗೈಯಲ್ಲಿ ಹರವಿದರು. "ಕೆನಡಾಕ್ಕ ಹೋದ್ರು," ಎಂದರು. "ಬಾ ಅಂದಿದ್ರು. ಅಬ್ಬಾನ ಬಿಟ್ಟು ಹ್ಯಾಂಗ ಹೋಗೂದ್ರಿ. ಅವರ ಮಾತ ಬ್ಯಾಡ ಬಿಡ್ರಿ."

ಮೂವತ್ತಾರನೆಯ ವಯಸ್ಸಿನಲ್ಲಿ ಕೊರಳ ಮುಂದೆ ಒಂದು ಗಂಟು ಕಾಣಿಸಿತು. ಥೈರಾಯ್ಡ್, ತೆಗೆಯಬೇಕು, ಸಣ್ಣ ಆಪರೇಷನ್ನು ಎಂದರು ಡಾಕ್ಟರು. ಹಾಡುಗಾರ್ತಿ ಎಂದು ಹೇಳಿದ್ದಕ್ಕೆ, ಏನೂ ಆಗುವುದಿಲ್ಲ, ಹದಿನೈದು ದಿನಕ್ಕೆ ಮತ್ತೆ ಹಾಡಬಹುದು ಎಂದರು. ಹೋಟೆಲಿನವರು ಹೂವಿನ ಬುಟ್ಟಿ ಕಳಿಸಿದ್ದರು.

"ಎಚ್ಚರಾತು. ನೀರ ಬೇಡಿದೆ. ನರ್ಸಮ್ಮ ಬೆನ್ನ ತಿರುವಿ ಕುಂತಿದ್ಳು, ಹೊಳ್ಳಿ ನೋಡಲಿಲ್ಲ. ಇನ್ನೊಮ್ಮೆ ಬೇಡಿದೆ. ನೋಡಲಿಲ್ಲ. ಆಕಿ ಕಿವಿ ಮಂದ ಇರಬೇಕು ಅಂದಕೊಂಡೆ ನಾ."

ದನಿಯ ತಂತುಗಳನ್ನು ಆಡಿಸುವ ನರಗಳಿಗೆ ಪೆಟ್ಟು ಬಿದ್ದಿತ್ತು. ಆರು ತಿಂಗಳಲ್ಲಿ ತಾನಾಗಿ ಸರಿಹೋಗುತ್ತದೆ ಎಂದು ಹೇಳಿ ಕಳಿಸಿದರು. ಸಬೀರಾ ಆರು ತಿಂಗಳು ಮುಂಜಾನೆ ಎದ್ದು ಸಮುದ್ರದ ಬಂಡೆಗಳ ಹತ್ತಿರ ಹೋಗಿ, ಅಲೆಗಳ ಕಡೆ ಮುಖ ಮಾಡಿ ಬಾಯಿ ತೆರೆದರು. ಮೊದಲ ಸ್ವರಕ್ಕೆ ಉಸಿರು, ಎರಡನೆಯದಕ್ಕೂ ಉಸಿರು. ಮಗಳು ದಂಡೆಯಿಂದ ಮರಳಿ ಬಂದಾಗ ಯಾಕೂಬ ಅವಳ ಮುಖ ನೋಡುತ್ತಿದ್ದರು. ಆಪರೇಷನ್ನಿನ ದಿನದಿಂದ ಅವರು ಕಾರ್ನೆಟ್ಟನ್ನು ಮುಟ್ಟಿರಲಿಲ್ಲ. ಮಗಳು ನುಡಿಸಿರೆಂದು ಕೈಮುಗಿದರೂ ಒಲ್ಲೆ ಎಂದರು. ಮರುವರ್ಷ ತೀರಿಕೊಂಡರು.

ಫಲಕದ ಮೇಲಿನ ಹೆಸರು ಕೆಲವು ದಿನ ಇತ್ತು. ಆಮೇಲೆ ಬೇರೊಬ್ಬರ ಹೆಸರು ಬಂತು. ಒಂದು ಸಂಜೆ ಸಬೀರಾ ಹೋಟೆಲಿನವರೆಗೆ ಹೋಗಿ, ಹಿಂಬಾಗಿಲಿನಿಂದ ಒಳಗೆ ಬಂದು, ತಂದೆ ಕೂರುತ್ತಿದ್ದ ಜಾಗದಲ್ಲಿ ಕೂತು ಹೊಸ ಹುಡುಗಿಯ ಹಾಡು ಕೇಳಿದರು. ಹೇಗೆ ಹಾಡುತ್ತಿದ್ದಳು ಎಂದು ನಾನು ಕೇಳಿದ್ದಕ್ಕೆ ಸಬೀರಾ ಹೇಳಿದ್ದು ಇಷ್ಟೇ: "ಚಲೋ ಹಾಡತಿದ್ಳು. ಅದs ತ್ರಾಸ ಆತು."

ಮೂವತ್ತೆಂಟನೆಯ ವಯಸ್ಸಿಗೆ ಅವರು ವಿಜಯಪುರಕ್ಕೆ ಮರಳಿದರು. ಇಮಾಮಬಿಯ ಗಂಡ ಆಟೊ ಓಡಿಸುತ್ತಿದ್ದ ಜಹೀರ. ಬಡತನದ ಮನೆ, ಆದರೂ ಆತ ಬರಬೇಡ ಎನ್ನಲಿಲ್ಲ. ಇಮಾಮಬಿಗೆ ತಡವಾಗಿ ಹುಟ್ಟಿದ ಮಗಳು ಸಮ್ರೀನಳನ್ನು ತೊಟ್ಟಿಲಲ್ಲಿ ತೂಗಿದ್ದು ಸಬೀರಾ. ಜೋಗುಳ ಹಾಡಲು ಬರುತ್ತಿರಲಿಲ್ಲ, ತೊಟ್ಟಿಲಿನ ಕಟ್ಟಿಗೆಯ ಮೇಲೆ ಬೆರಳಿನಿಂದ ತಾಳ ಹಾಕುತ್ತಿದ್ದರು. ಜಹೀರ ಸತ್ತ ಮೇಲೆ ಅಕ್ಕತಂಗಿಯರು ಹೊಲಿಗೆ ಹಾಕಿದರು, ಊದುಬತ್ತಿ ಹೊಸೆದರು. ಕಣ್ಣು ಸೂಕ್ಷ್ಮ ಕೆಲಸಕ್ಕೆ ಸಾಲದಾದಾಗ ಸಬೀರಾ ತಿಕೋಟಾದ ಟೆಂಪೊ ಹತ್ತಿದರು. ಓಣಿಯವರಿಗೆ ಅವರು ಪಿಸುಮಾತಿನ ಸಬೀರಾ. ಹುಟ್ಟಿನಿಂದಲೇ ಹಾಗೆ ಎಂದು ಬಹಳ ಜನ ತಿಳಿದಿದ್ದರು. ಅವರು ತಿದ್ದಲು ಹೋಗಲಿಲ್ಲ.

ಸಮ್ರೀನ ಈಗ ವಿಜಯಪುರದ ಸೀರೆ ಅಂಗಡಿಯೊಂದರಲ್ಲಿ ಕೆಲಸ ಮಾಡುತ್ತಾಳೆ. ದೊಡ್ಡಮ್ಮನ ಗುಟ್ಟು ಅವಳಿಗೆ ಗೊತ್ತಾಗಿದ್ದು ಮೂರು ವರ್ಷದ ಹಿಂದೆ, ಅಂಗಡಿ ರಜೆಯ ಒಂದು ಮಧ್ಯಾಹ್ನ. ಫೋನಿನಲ್ಲಿ ಏನೋ ನೋಡುತ್ತಿದ್ದಾಗ ಹಳೆಯ ಪ್ಲೇಟೊಂದರ ಹಾಡು ಬಂತು. ಹೊದಿಕೆಯ ಚಿತ್ರದಲ್ಲಿ ಗದ್ದದ ಮೇಲೆ ಮಚ್ಚೆ. ಅವಳು ತಾಯಿಗೆ ತೋರಿಸಿದಳು. ಇಮಾಮಬಿ ಅಳುವುದಕ್ಕೆ ಶುರುಮಾಡಿದರು.

"ಖಾಲಾ ಭಾಂಡೆ ತಿಕ್ಕಾಕತ್ತಿದ್ರು," ಎಂದು ಸಮ್ರೀನ ಹೇಳುತ್ತಾಳೆ. "ನಾ ಹೋಗಿ ಫೋನ್ ಅವರ ಕಿವಿಯ ಹತ್ರ ಹಿಡದೆ. ಹಾಡ ಮುಗಿಯೂ ಮಟ ತಿಕ್ಕಿದ ಭಾಂಡೆನs ತಿಕ್ಕಿದ್ರು. ಲಕ್ಷಾಂತರ ಮಂದಿ ಕೇಳ್ಯಾರ ಖಾಲಾ, ನೋಡ್ರಿ ಅಂದೆ. ಇದನ್ನ ಬಂದ ಮಾಡಾಕ ಬರತೈತೇನು ಅಂತ ಕೇಳಿದ್ರು. ನಾ ಬಂದ ಮಾಡಿದೆ. ಹಂಗಲ್ಲ, ಎಲ್ಲಾರ ಫೋನಿನ್ಯಾಗೂ ಅಂದ್ರು."

ಹಾಡಿನ ಕೆಳಗೆ ಜನ ತಮತಮಗೆ ತೋಚಿದ್ದು ಬರೆದಿದ್ದರು. ಮಿಸ್ ಸಬ್ರಿನಾ ತೀರಿಕೊಂಡು ಬಹಳ ವರ್ಷವಾಯಿತು ಎಂದು ಒಬ್ಬ, ಲಂಡನ್ನಿನಲ್ಲಿದ್ದಾಳೆ ಎಂದು ಇನ್ನೊಬ್ಬ. ಅವರು ನನ್ನ ದೊಡ್ಡಮ್ಮ, ವಿಜಯಪುರದಲ್ಲಿದ್ದಾರೆ ಎಂದು ಸಮ್ರೀನ ಬರೆದಳು. ಯಾರೂ ನಂಬಲಿಲ್ಲ. ಅವಳು ಚಿತ್ರ ತೆಗೆದು ಹಾಕಿದ ಮೇಲೆ ಮುಂಬೈಯಿಂದ ಇಬ್ಬರು ತರುಣರು ಹುಡುಕಿಕೊಂಡು ಬಂದರು. ಹಳೆಯ ಸಂಗೀತದ ಹುಚ್ಚಿನವರು, ಸಭ್ಯರು. ಮಿಸ್ ಸಬ್ರಿನಾರ ಗೌರವಕ್ಕೆ ಒಂದು ಸಂಜೆ ಏರ್ಪಡಿಸುತ್ತೇವೆ, ಬಂದು ಕೂತರೆ ಸಾಕು ಎಂದು ಬೇಡಿಕೊಂಡರು. ಗಂಟಲು ನೋಡಲು ಒಬ್ಬ ದೊಡ್ಡ ಡಾಕ್ಟರ ಹತ್ತಿರವೂ ಕರೆದೊಯ್ಯುತ್ತೇವೆ ಎಂದರು. ಆ ಮಾತಿಗೆ ಇಮಾಮಬಿ ಅಕ್ಕನ ಎರಡೂ ಕೈ ಹಿಡಿದುಕೊಂಡು, ಹೋಗು ಎಂದರು.

ಎರಡು ಚಳಿಗಾಲದ ಹಿಂದೆ ಸಬೀರಾ ಮತ್ತು ಸಮ್ರೀನ ಮುಂಬೈಗೆ ಹೋದರು. ಸಭಾಗೃಹ ತುಂಬಿತ್ತು. ತರುಣ ಗಾಯಕಿಯೊಬ್ಬಳು ಆ ಪ್ಲೇಟಿನ ಹಾಡುಗಳನ್ನು ಒಂದೂ ಬಿಡದೆ ಹಾಡಿದಳು. ಅವತ್ತು ಸ್ಟುಡಿಯೊದಲ್ಲಿ ಆ ಗಳಿಗೆಗೆ ಹೊಳೆದು ಸಬೀರಾ ಹಾಕಿದ್ದ ಒಂದೊಂದು ತಿರುವನ್ನೂ ಆ ಹುಡುಗಿ ಬಾಯಿಪಾಠ ಮಾಡಿದ್ದಳು. ಹಾಡು ಮುಗಿದ ಮೇಲೆ ಸಬೀರಾರನ್ನು ವೇದಿಕೆಗೆ ಕರೆದು, ಶಾಲು ಹೊದಿಸಿ, ಎರಡು ಮಾತಾಡಿ ಎಂದು ಮೈಕು ಕೊಟ್ಟರು.

"ನನ್ನ ದನಿ ಹೋಗೇತಿ, ಆಪರೇಷನ್ನಿನ್ಯಾಗ ಹೋತು ಅಂತ ಹಿಂದಿಯೊಳಗ ಹೇಳಿದೆ," ಎನ್ನುತ್ತಾರೆ ಸಬೀರಾ. "ಮೈಕಿನ್ಯಾಗೂ ಗಾಳಿ ಅಷ್ಟs ಬಂತು. ಮಂದಿ ಏನ ತಿಳಕೊಂಡ್ರೋ. ದುಃಖ ಉಕ್ಕಿ ಬಂದು ಗಂಟಲ ಕಟ್ಟೇತಿ ಅಂತ ತಿಳಕೊಂಡ್ರು. ಎದ್ದ ನಿಂತು ಚಪ್ಪಾಳಿ ಹೊಡದ್ರು. ನಾ ಮತ್ತ ಹೇಳಿದೆ. ಮತ್ತ ಜೋರ ಹೊಡದ್ರು."

ಕೆಳಗೆ ಮೊದಲ ಸಾಲಿನಲ್ಲಿದ್ದ ಸಮ್ರೀನ ಮಾತ್ರ ತುಟಿ ಓದಿ ತಿಳಿದಿದ್ದಳು. "ಆಜೂಬಾಜೂ ಎಲ್ಲಾರೂ ಕಣ್ಣ ಒರಸ್ಕೋತ ಚಪ್ಪಾಳಿ ಹೊಡ್ಯಾಕತ್ತಿದ್ರು. ನನಗ ಕೈ ಎತ್ತಾಕ ಆಗಲಿಲ್ರಿ," ಎನ್ನುತ್ತಾಳೆ.

ಮರುದಿನ ಡಾಕ್ಟರ ಭೇಟಿ. ಮೂಗಿನಿಂದ ನಳಿಕೆ ಇಳಿಸಿ ಬಹಳ ಹೊತ್ತು ನೋಡಿದ ಡಾಕ್ಟರು, ಆಗ ನಿಮಗೆ ಯಾರೂ ಇನ್ನೊಂದು ಆಪರೇಷನ್ನಿನ ಮಾತು ಹೇಳಲಿಲ್ಲವೇ ಎಂದು ಕೇಳಿದರು. ಮೊದಲ ಒಂದೆರಡು ವರ್ಷದಲ್ಲಿ ಬಂದಿದ್ದರೆ, ಹಾಡಲು ಆಗದಿದ್ದರೂ ಮಾತಾಡುವಷ್ಟು ದನಿ ತರಬಹುದಿತ್ತು. ಈಗ ಈ ವಯಸ್ಸು, ಜೊತೆಗೆ ದುರ್ಬಲ ಹೃದಯ. ನಾನು ಕೈಹಾಕುವುದಿಲ್ಲ ಎಂದರು. ಸಬೀರಾ ಅವರಿಗೆ ಕೈಮುಗಿದು ಹೊರಗೆ ಬಂದರು. ಇಬ್ಬರೂ ಬಸ್ಸಿನಲ್ಲಿ ವಿಜಯಪುರಕ್ಕೆ ಮರಳಿದರು. ಬಂದ ಮರುಬೆಳಗ್ಗೆ ಅವರು ಟೆಂಪೊ ಹತ್ತಿ ಶೆಡ್ಡಿಗೆ ಹೋದರು. ಕೆಲವು ದಿನ ತಿಕೋಟಾದ ಹುಡುಗರು ಬಂದು ಅವರ ಪಕ್ಕ ನಿಂತು ಫೋಟೊ ತೆಗೆದುಕೊಂಡರು. ಆಮೇಲೆ ಅದೂ ನಿಂತಿತು.

ಇಷ್ಟೆಲ್ಲವನ್ನೂ ಸಬೀರಾ ಕಡ್ಡಿ ಬಿಡಿಸುತ್ತ, ಬೇರೆ ಯಾರದೋ ಕತೆಯಂತೆ ಹೇಳಿದರು. ಮುಂದಿನದನ್ನು ಹೇಳುವಾಗ ಅವರ ಕೈ ನಿಂತಿತು.

ಇಮಾಮಬಿಗೆ ಸಕ್ಕರೆ ಕಾಯಿಲೆ. ಅದು ಕಣ್ಣುಗಳನ್ನು ತಿಂದಿದೆ. ಬೆಳಕು ಕತ್ತಲೆ ಅಷ್ಟೇ ತಿಳಿಯುತ್ತದೆ. ಆದರೂ ಓಣಿಯ ಒಂದೊಂದು ಕಲ್ಲೂ ಕಾಲಿಗೆ ಗೊತ್ತು. ಸಂಜೆ ಟೆಂಪೊ ಬರುವ ಹೊತ್ತಿಗೆ ಗೋಡೆ ಹಿಡಿದು ಓಣಿಯ ತುದಿಯವರೆಗೆ ಬಂದು, ಅಕ್ಕನ ಕೈಚೀಲ ಇಸಿದುಕೊಂಡು, ಇಬ್ಬರೂ ಕೂಡಿ ಮನೆಗೆ ಹೋಗುವುದು ಎಷ್ಟೋ ವರ್ಷದ ರೂಢಿ. ಕಳೆದ ಮಳೆಗಾಲದ ಆರಂಭದಲ್ಲಿ ಒಂದು ದಿನ ಒಳಚರಂಡಿಯ ಪೈಪು ಹಾಕಲು ಓಣಿಗೆ ಯಂತ್ರ ಬಂತು. ಮಧ್ಯಾಹ್ನದೊಳಗೆ ಅವರ ಮನೆಯಿಂದ ನಾಲ್ಕು ಬಾಗಿಲು ಆಚೆ ಆಳುದ್ದದ ತಗ್ಗು ತೋಡಿದರು. ಸುತ್ತ ಹಗ್ಗ ಕಟ್ಟಿರಲಿಲ್ಲ. ಇಮಾಮಬಿಗೆ ಯಾರೂ ಹೇಳಿರಲಿಲ್ಲ. ಸಮ್ರೀನ ಅಂಗಡಿಯಲ್ಲಿದ್ದಳು.

"ನಾ ಟೆಂಪೊ ಇಳದೆ. ಆ ತುದೀಲಿಂದ ಆಕಿ ಬರಾಕತ್ತಿದ್ಳು. ಗ್ವಾಡಿ ಹಿಡಕೊಂಡು, ದಿನಾ ಬಂದಂಗ. ನಡಬರಕ ತಗ್ಗ ಕಾಣ್ತು ನನಗ. ಕೂಗಿದೆ. ಬಾಯಿ ತೆರದೆ, ಎಷ್ಟ ತೆರಿಯಾಕ ಬರತೈತೋ ಅಷ್ಟ ತೆರದೆ. ಚಪ್ಪಾಳಿ ಹೊಡದೆ. ಆ ಮಷೀನ ಸಪ್ಪಳದಾಗ ಚಪ್ಪಾಳಿ ಯಾರಿಗೆ ಕೇಳತೈತ್ರಿ. ಚೀಲ ಒಗದು ಓಡಿದೆ. ಓಡಿದ್ರ ಉಸರs ಇಲ್ಲ ನನಗ. ಆಕಿ ನಕ್ಕೋತ ಬರಾಕತ್ತಿದ್ಳು."

ಇಮಾಮಬಿ ಸಬೀರಾರ ಕಣ್ಣ ಮುಂದೆಯೇ ತಗ್ಗಿಗೆ ಬಿದ್ದರು. ಯಂತ್ರದವನು ನೋಡಿ ಸದ್ದು ನಿಲ್ಲಿಸಿದ. ಜನ ಓಡಿ ಬಂದರು. ಸೊಂಟದ ಎಲುಬು ಮುರಿದಿತ್ತು. ಸಕ್ಕರೆ ವಿಪರೀತ ಏರಿದ್ದರಿಂದ ಆಪರೇಷನ್ನು ಮಾಡಲು ಡಾಕ್ಟರು ಒಪ್ಪಲಿಲ್ಲ. ಅಂದಿನಿಂದ ಇಮಾಮಬಿ ಎದ್ದಿಲ್ಲ. ಇನ್ನು ಏಳುವುದಿಲ್ಲ ಎಂದೂ ಹೇಳಿದ್ದಾರೆ.

ಆ ಸಂಜೆ ಸಬೀರಾರ ಜೊತೆಗೇ ಟೆಂಪೊದಲ್ಲಿ ವಿಜಯಪುರಕ್ಕೆ ಬಂದೆ. ಎರಡು ಖೋಲಿಯ ಮನೆ. ಹಗಲು ಇಮಾಮಬಿಯನ್ನು ನೆರೆಯ ಹೆಂಗಸರು ಬಂದು ನೋಡಿಹೋಗುತ್ತಾರೆ. ಒಳಗೆ ಹೋದೊಡನೆ ಸಬೀರಾ ಕೈಕಾಲು ತೊಳೆದು ತಂಗಿಯ ಮೈ ಹೊರಳಿಸಿ, ಬೆನ್ನಿಗೆ ಪುಡಿ ಹಚ್ಚಿ, ಸೀರೆ ಸರಿಮಾಡಿದರು. ತಂಗಿಯ ಕಿವಿಗೆ ಬಾಯಿ ಹಚ್ಚಿ ಉರ್ದುವಿನಲ್ಲಿ ಏನೋ ಹೇಳಿದರು. ಇಮಾಮಬಿ ನನ್ನತ್ತ ಮುಖ ತಿರುಗಿಸಿ, "ಬರ್ರಿ, ಕೂಡ್ರಿ. ಪೇಪರಿನವರಂತ," ಎಂದರು. ಬಲವಾದ, ತುಂಬಿದ ದನಿ. ಆ ಮನೆಯಲ್ಲಿ ಅದನ್ನು ಕೇಳಿ ನಾನು ಬೆಚ್ಚಿದೆ. ಮೊದಲು ಅಕ್ಕತಂಗಿಯರ ದನಿ ಒಂದೇ ತರ ಇತ್ತಂತೆ ಎಂದು ಸಮ್ರೀನ ಆಮೇಲೆ ಹೇಳಿದಳು.

ಸಬೀರಾ ಚಹಾ ಮಾಡಲು ಒಳಗೆ ಹೋದಾಗ, ಆ ದಿನದ ಮಾತು ಎತ್ತಬೇಕೋ ಬೇಡವೋ ಎಂದು ನಾನು ಅಳುಕುತ್ತಿದ್ದೆ. ಇಮಾಮಬಿಯೇ ಎತ್ತಿದರು.

"ಆಕಿ ಹೇಳಿರಬೇಕಲ್ರಿ, ತಗ್ಗಿನ ಮಾತು. ತನ್ನ ಮ್ಯಾಲ ಹಾಕ್ಕೊಂಡಾಳ. ಆಕಿ ಕೂಗಿದ್ದು ನನಗ ಕೇಳಿತ್ರಿ. ಇಮಾಮಬಿ ಅಂದದ್ದು ಖರೇನs ಕೇಳಿತ್ತು. ನಾನs ನಿಲ್ಲಲಿಲ್ಲ. ಅಕ್ಕ ಕರ್ಯಾಕತ್ತಾಳ, ಲಗೂನ ಹೋಗೂಣು ಅಂತ ಇನ್ನಿಷ್ಟು ದಡಾದಡಾ ಬಂದೆ. ತಪ್ಪ ನಂದು. ನೀವು ಹಂಗs ಬರೀರಿ."

ಬರೆಯುತ್ತೇನೆ ಎಂದೆ. ಚಹಾ ಬಂತು. ಸಬೀರಾ ಬಸಿಯಲ್ಲಿ ಆರಿಸಿ ಆರಿಸಿ ತಂಗಿಗೆ ಕುಡಿಸಿದರು. ಬಾಯಿಯ ಬದಿಯಿಂದ ಹನಿದದ್ದನ್ನು ಸೆರಗಿನಿಂದ ಒರೆಸಿದರು. ಅಷ್ಟರಲ್ಲಿ ಸಮ್ರೀನ ಕೆಲಸ ಮುಗಿಸಿ ಬಂದಳು. ಬೀದಿ ದೀಪ ಹತ್ತಿದ ಮೇಲೆ ನಾನು ಎದ್ದೆ. ಸಬೀರಾ ಓಣಿಯಲ್ಲಿ ನನ್ನ ಜೊತೆ ನಡೆದು ಬಂದರು. ತಗ್ಗು ತೋಡಿದ್ದ ಕಡೆ ಈಗ ಸಿಮೆಂಟು ಹಾಕಿದ್ದಾರೆ. ಅವರು ಅದರ ಮೇಲೆ ಕಾಲಿಡದೆ ಬದಿಯಿಂದ ಹಾದರು.

"ನಿಮಗೂ ಹೇಳಿದ್ಳೇನ್ರಿ, ನಾ ಕೂಗಿದ್ದು ಕೇಳಿತ್ತು ಅಂತ?" ಎಂದರು.

ಹೌದೆಂದೆ.

"ಸುಳ್ಳ ಹೇಳತಾಳ್ರಿ. ಎಲ್ಲಾರ ಮುಂದೂ ಹೇಳತಾಳ."

ಓಣಿಯ ತುದಿಯಲ್ಲಿ ನಿಂತೆವು. ಇಂಥ ಲೇಖನ ಬರೆಯುವವರು ಕೊನೆಗೆ ಒಂದು ಪ್ರಶ್ನೆ ಕೇಳುತ್ತೇವೆ. ನಾನೂ ಕೇಳಿದೆ: ಒಂದು ದಿನದ ಮಟ್ಟಿಗೆ ದನಿ ತಿರುಗಿ ಬಂದರೆ ಯಾವ ಹಾಡು ಹಾಡುತ್ತೀರಿ. ಸಬೀರಾ ನನ್ನ ತೋಳು ಹಿಡಿದು, ಕೇಳಲೆಂದು ಹತ್ತಿರ ಎಳೆದುಕೊಂಡರು.

"ಹಾಡ ಬ್ಯಾಡ್ರಿ ನನಗ. ಒಂದ ದಿನದ್ದೂ ಬ್ಯಾಡ. ಆವತ್ತು, ಆ ಹೊತ್ತಿಗೆ, ಒಂದs ಮಾತಿನಷ್ಟ ಬರಬೇಕಿತ್ತು. ನಿಲ್ಲು ಅಂತ ಕೂಗಬೇಕಿತ್ತು. ಆಕಿ ನಿಲ್ಲಬೇಕಿತ್ತು."